ಹಿತ್ತಲ ಕೋಳಿ: ಮರಿ ತರುವ ಮೊದಲು ಮಾಡಬೇಕಾದ ಲೆಕ್ಕ

ಕೋಳಿ ಸಾಕಲು ಹೊರಟವರು ಮೊದಲು ಕೇಳುವ ಪ್ರಶ್ನೆ ಯಾವ ತಳಿ ತರಬೇಕು ಎಂಬುದು. ಗಿರಿರಾಜವೇ, ಸ್ವರ್ಣಧಾರವೇ, ಅಪ್ಪಟ ನಾಟಿಯೇ, ಕಡಕ್‌ನಾಥ್ ತಂದರೆ ಹೆಚ್ಚು ಬೆಲೆ ಸಿಗುತ್ತದೆಯೇ ಎಂಬ ಚರ್ಚೆಯಲ್ಲೇ ವಾರಗಳು ಕಳೆಯುತ್ತವೆ. ನನ್ನ ಮಟ್ಟಿಗೆ ಇದು ಮೂರನೆಯ ಪ್ರಶ್ನೆ. ಅದಕ್ಕೂ ಮೊದಲು ಎರಡು ಲೆಕ್ಕಗಳಿವೆ. ಹತ್ತು ಮರಿ ತಂದರೆ ಆರನೆಯ ತಿಂಗಳಿಗೆ ಎಷ್ಟು ಉಳಿದಿರುತ್ತವೆ? ಉಳಿದವುಗಳ ಹೊಟ್ಟೆಯನ್ನು ನಿಮ್ಮ ಜಮೀನೇ ಎಷ್ಟರ ಮಟ್ಟಿಗೆ ತುಂಬಿಸಬಲ್ಲದು? ಒಂದೆರಡು ಎಕರೆಯ ರೈತ ಕುಟುಂಬಕ್ಕೆ ಕೋಳಿಯಿಂದ ನಾಲ್ಕು ಕಾಸು ಉಳಿಯುವುದೋ ಕೈಯಿಂದ ಹೋಗುವುದೋ ಎಂಬುದು ಈ ಎರಡರಲ್ಲೇ ತೀರ್ಮಾನವಾಗುತ್ತದೆ. ತಳಿಯ ಪಾಲು ಅಷ್ಟು ದೊಡ್ಡದಲ್ಲ.

ಮೊದಲ ಲೆಕ್ಕವನ್ನು ಯಾವ ಹಳ್ಳಿಯಲ್ಲಾದರೂ ಕಣ್ಣಾರೆ ನೋಡಬಹುದು. ಹೇಂಟೆ ಹನ್ನೆರಡು ಮೊಟ್ಟೆಗೆ ಕಾವು ಕೂರುತ್ತದೆ. ಇಪ್ಪತ್ತೊಂದನೆಯ ದಿನ ಒಂಬತ್ತೋ ಹತ್ತೋ ಮರಿಗಳು ಹೊರಬರುತ್ತವೆ. ಮೊದಲ ವಾರದಲ್ಲಿ ಹದ್ದು ಎರಡನ್ನು ಎತ್ತಿಕೊಂಡು ಹೋಗುತ್ತದೆ, ಮಳೆಯಲ್ಲಿ ನೆನೆದು ಒಂದು ಸಾಯುತ್ತದೆ, ಮುಂಗುಸಿ ಇನ್ನೊಂದನ್ನು ಹಿಡಿಯುತ್ತದೆ. ಬೇಸಿಗೆಯ ಹೊತ್ತಿಗೆ ಕೊಕ್ಕರೆ ರೋಗ ಬಂದರೆ ಉಳಿದವೂ ಸಾಲಾಗಿ ಮಲಗುತ್ತವೆ. ಮೂರು ನಾಲ್ಕು ಉಳಿದರೆ ಅದೃಷ್ಟ ಎಂದು ಮನೆಯವರು ಸುಮ್ಮನಾಗುತ್ತಾರೆ. ಈ ಸಾವುಗಳಲ್ಲಿ ಹೆಚ್ಚಿನವು ತಡೆಯಬಹುದಾದವು ಎಂಬುದೇ ನನ್ನನ್ನು ಕಾಡುವ ಸಂಗತಿ. ಹಿತ್ತಲ ಕೋಳಿಯ ಕಾಸು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಕೈಗೆ ಸೇರುವಂಥದ್ದು. ಮಕ್ಕಳ ಪುಸ್ತಕಕ್ಕೆ, ಔಷಧಿಗೆ, ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ ಅದು. ಹತ್ತರಲ್ಲಿ ಮೂರರ ಬದಲು ಎಂಟು ಮರಿಗಳು ಉಳಿದರೆ, ಹೊಸ ತಳಿ ತರದೆಯೇ ಆ ಹಣ ಎರಡೂವರೆ ಪಟ್ಟಿಗೂ ಮೀರುತ್ತದೆ.

ಎರಡನೆಯ ಲೆಕ್ಕವನ್ನು ಕಾಗದದ ಮೇಲೆ ಮಾಡಬೇಕು. ಕೂಡಿಹಾಕಿ ಸಾಕಿದ, ಮೊಟ್ಟೆ ಇಡುವ ಕೋಳಿಯೊಂದು ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ವರ್ಷಕ್ಕೆ ಸುಮಾರು 40 ಕೆಜಿ. ದೊಡ್ಡ ಫಾರಂಗಳ ಬಿಳಿ ಲೇಯರ್ ಕೋಳಿ ಇಷ್ಟು ತಿಂದು ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಕೊಡುತ್ತದೆ, ಅಂದರೆ ಮೊಟ್ಟೆಯೊಂದಕ್ಕೆ ಸುಮಾರು 130 ಗ್ರಾಂ ಆಹಾರ. ಗಿರಿರಾಜ ಕೊಡುವುದು 130ರಿಂದ 150 ಮೊಟ್ಟೆ. ಅದನ್ನೂ ಕೂಡಿಹಾಕಿ ಚೀಲದ ಆಹಾರವನ್ನೇ ಹಾಕಿದರೆ ಒಂದು ಮೊಟ್ಟೆಗೆ ಕಾಲು ಕೆಜಿಗೂ ಮೀರಿ ಖರ್ಚಾಗುತ್ತದೆ. ನಾಟಿ ಹೇಂಟೆ ವರ್ಷಕ್ಕೆ ಇಡುವುದು 60ರಿಂದ 80 ಮೊಟ್ಟೆ ಮಾತ್ರ, ಅಲ್ಲಿ ಲೆಕ್ಕ ಇನ್ನೂ ಕೆಡುತ್ತದೆ. ಮಾರುಕಟ್ಟೆಯಲ್ಲಿ ನಾಟಿ ಮೊಟ್ಟೆಗೆ ಎರಡು ಪಟ್ಟು ಬೆಲೆ ಸಿಕ್ಕರೂ ಈ ಅಂತರ ತುಂಬುವುದು ಕಷ್ಟ. ಹಿತ್ತಲ ಕೋಳಿ ಲಾಭ ತರುವುದು ಅದು ತನ್ನ ಅರ್ಧಕ್ಕಿಂತ ಹೆಚ್ಚು ಆಹಾರವನ್ನು ತಾನೇ ಕೆದಕಿ ಹುಡುಕಿಕೊಂಡಾಗ ಮಾತ್ರ. ಆದ್ದರಿಂದ ಎಷ್ಟು ಕೋಳಿ ಸಾಕಬೇಕು ಎಂಬುದನ್ನು ನಿಮ್ಮ ಉತ್ಸಾಹ ಹೇಳಬಾರದು, ನಿಮ್ಮ ನೆಲ ಹೇಳಬೇಕು.

ನೆಲ ಏನೇನು ಕೊಡುತ್ತದೆ? ಕಣದಲ್ಲಿ ಉದುರಿದ ರಾಗಿ, ಭತ್ತ, ಜೋಳ. ಕೊಟ್ಟಿಗೆಯ ಸುತ್ತ ದನಗಳು ಬಿಟ್ಟ ಕಾಳು. ತೋಟದ ತರಗೆಲೆಯ ಅಡಿಯ ಹುಳುಗಳು, ಗೆದ್ದಲು, ಎಳೆ ಹುಲ್ಲು, ಅಡುಗೆ ಮನೆಯ ತರಕಾರಿ ಸಿಪ್ಪೆ. ತಿಪ್ಪೆಗುಂಡಿಯಂತೂ ಕೋಳಿಗೆ ಉಗ್ರಾಣ. ತೆಂಗಿನ ಸುಳಿಯನ್ನು ಕೊರೆಯುವ ಕಪ್ಪು ದುಂಬಿಯ ಮರಿಹುಳುಗಳು ಬೆಳೆಯುವುದು ಕೊಳೆಯುತ್ತಿರುವ ಗೊಬ್ಬರದಲ್ಲೇ. ತಿಪ್ಪೆಯನ್ನು ಆಗಾಗ ಮಗುಚಿ ಕೋಳಿಗಳನ್ನು ಬಿಟ್ಟರೆ ಆ ಬಿಳಿ ಗೊಣ್ಣೆಹುಳುಗಳನ್ನು ಅವು ಹುಡುಕಿ ಹುಡುಕಿ ತಿನ್ನುತ್ತವೆ. ತೆಂಗಿನ ತೋಟವಿರುವವರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಈ ಉಗ್ರಾಣ ವರ್ಷವಿಡೀ ಒಂದೇ ಸಮ ತುಂಬಿರುವುದಿಲ್ಲ. ಸುಗ್ಗಿಯ ನಂತರ ಕಾಳು ಹೇರಳ, ಮಳೆಗಾಲದಲ್ಲಿ ಹುಳು ಹೇರಳ. ಬಯಲುಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ನೆಲ ಕಲ್ಲಾದಾಗ ಎರಡೂ ಇರುವುದಿಲ್ಲ. ಅತ್ಯಂತ ಬಡ ತಿಂಗಳಲ್ಲಿ ಎಷ್ಟು ಕೋಳಿಯನ್ನು ಸಲಹಬಹುದೋ ಅಷ್ಟೇ ನಿಮ್ಮ ಸಂಖ್ಯೆ. ಸಾಮಾನ್ಯ ಹಿತ್ತಲಿಗೆ ಹತ್ತರಿಂದ ಇಪ್ಪತ್ತು ದೊಡ್ಡ ಕೋಳಿ ಸರಿಯಾದ ಅಳತೆ. ಹೊಟ್ಟೆ ತುಂಬಿದೆಯೇ ಎಂದು ತಿಳಿಯಲು ಸುಲಭ ದಾರಿ ಇದೆ. ಸಂಜೆ ಗೂಡಿಗೆ ಬಂದ ಕೋಳಿಯ ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಿ. ಉಬ್ಬಿ ಗಟ್ಟಿಯಾಗಿದ್ದರೆ ಹೊಲ ಹೊಟ್ಟೆ ತುಂಬಿಸಿದೆ. ಚಪ್ಪಟೆಯಾಗಿದ್ದರೆ ಮನೆಯಿಂದ ಕಾಳು ಸೇರಬೇಕು. ದಿನಕ್ಕೆ ಒಂದು ಕೋಳಿಗೆ 30ರಿಂದ 60 ಗ್ರಾಂ ರಾಗಿ, ಮುಸುಕಿನ ಜೋಳದ ನುಚ್ಚು, ಅಕ್ಕಿ ನುಚ್ಚು ಕೊಡುವುದು ರೂಢಿ. ಅದನ್ನು ಸಂಜೆಯೇ ಕೊಡಿ. ಬೆಳಿಗ್ಗೆ ಹೊಟ್ಟೆ ತುಂಬಿದ ಕೋಳಿ ಕೆದಕಲು ದೂರ ಹೋಗುವುದಿಲ್ಲ. ಸಂಜೆ ಕಾಳು ಸಿಗುತ್ತದೆ ಎಂದು ಕಲಿತ ಕೋಳಿ ಹೊತ್ತು ಮುಳುಗುವ ಮೊದಲೇ ಗೂಡಿನ ಮುಂದೆ ನಿಂತಿರುತ್ತದೆ.

ಗೂಡು ಮೊದಲು, ಕೋಳಿ ಆಮೇಲೆ

ಮರಿಗಳನ್ನು ತಂದು ಮಂಕರಿಯ ಕೆಳಗೆ ಮುಚ್ಚಿಟ್ಟು, ಗೂಡನ್ನು ಮುಂದಿನ ವಾರ ಕಟ್ಟೋಣ ಎಂದುಕೊಳ್ಳಬೇಡಿ. ಆ ಮುಂದಿನ ವಾರ ಬರುವುದರೊಳಗೆ ಮುಂಗುಸಿ ಬಂದಿರುತ್ತದೆ.

ಗೂಡಿಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ದೊಡ್ಡ ಕೋಳಿಯೊಂದಕ್ಕೆ ಎರಡು ಚದರ ಅಡಿ ಜಾಗವಿದ್ದರೆ ರಾತ್ರಿಗೆ ಸಾಕು, ಇಪ್ಪತ್ತು ಕೋಳಿಗೆ ಎಂಟು ಅಡಿ ಉದ್ದ, ಐದು ಅಡಿ ಅಗಲ. ಉದ್ದವನ್ನು ಪೂರ್ವ ಪಶ್ಚಿಮಕ್ಕೆ ಇಟ್ಟರೆ ಬಿಸಿಲು ನೇರವಾಗಿ ಒಳಗೆ ಬೀಳುವುದಿಲ್ಲ. ಗೋಡೆ ಒಂದು, ಒಂದೂವರೆ ಅಡಿ ಎತ್ತರ ಬಂದರೆ ಸಾಕು, ಅದರ ಮೇಲೆ ಪೂರ್ತಿ ಜಾಲರಿ. ಕೋಳಿಗೆ ಗಾಳಿ ಬೇಕು. ನಾಲ್ಕೂ ಕಡೆ ಮುಚ್ಚಿದ ಗೂಡಿನಲ್ಲಿ ಹಿಕ್ಕೆಯಿಂದ ಏಳುವ ಅಮೋನಿಯಾ ಕಣ್ಣು ಮತ್ತು ಶ್ವಾಸಕೋಶವನ್ನು ಹಾಳು ಮಾಡುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ನಿಮ್ಮ ಕಣ್ಣು ಉರಿದರೆ, ರಾತ್ರಿಯಿಡೀ ಅದರಲ್ಲೇ ಇದ್ದ ಕೋಳಿಯ ಗತಿಯನ್ನು ಊಹಿಸಿಕೊಳ್ಳಿ. ಚಾವಣಿಗೆ ಹಂಚು ಅಥವಾ ತೆಂಗಿನ ಗರಿ ಒಳ್ಳೆಯದು. ತಗಡನ್ನೇ ಹಾಕಬೇಕಾದರೆ ಅದರ ಮೇಲೆ ಗರಿಯನ್ನೋ ಹುಲ್ಲನ್ನೋ ಹೊದಿಸಿ. ಮಲೆನಾಡಿನಲ್ಲಿ ನೆಲದ ತೇವವೇ ಮುಖ್ಯ ಶತ್ರು, ಆದ್ದರಿಂದ ಕಂಬಗಳ ಮೇಲೆ ಎರಡು ಮೂರು ಅಡಿ ಎತ್ತರಿಸಿದ ಮರದ ಗೂಡೇ ಅಲ್ಲಿ ಸರಿ.

ಜಾಲರಿಯ ವಿಷಯದಲ್ಲಿ ಜಿಪುಣತನ ಬೇಡ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಮಾರುವ ಆರು ಮೂಲೆಯ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ. ನಾಯಿ ಅದನ್ನು ಕಿತ್ತುಹಾಕುತ್ತದೆ, ಹಾವು ನುಸುಳುತ್ತದೆ. ಗೂಡಿನ ಕೆಳಭಾಗಕ್ಕಾದರೂ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ ಹಾಕಿ, ಅದರ ಅಂಚನ್ನು ಒಂದು ಅಡಿ ಮಣ್ಣಿನೊಳಗೆ ಇಳಿಸಿ. ಮುಂಗುಸಿ ಮತ್ತು ಕಾಡುಬೆಕ್ಕು ತೋಡಿಕೊಂಡು ಬರುತ್ತವೆ. ಇವು ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು. ಉರುಳು ಹಾಕುವುದು, ವಿಷ ಇಡುವುದು ಅಪರಾಧ. ವಿಷವಂತೂ ಕೊನೆಗೆ ಮನೆಯ ನಾಯಿಯನ್ನೋ ಕೋಳಿಯನ್ನೋ ಕೊಲ್ಲುತ್ತದೆ. ಒಳ್ಳೆಯ ಬಾಗಿಲು, ಒಳ್ಳೆಯ ಚಿಲಕ, ಕತ್ತಲಾಗುವ ಮೊದಲು ತಪ್ಪದೆ ಬಾಗಿಲು ಮುಚ್ಚುವ ಒಬ್ಬರು ಮನೆಯಲ್ಲಿ ಇದ್ದರೆ ಬೇರೆ ಉಪಾಯ ಬೇಕಾಗುವುದಿಲ್ಲ.

ಒಳಗೆ ಅಡ್ಡ ಕೋಲು ಕಟ್ಟುವುದನ್ನು ಬಹಳ ಜನ ಮರೆಯುತ್ತಾರೆ. ಕೋಳಿಯ ಪೂರ್ವಜವಾದ ಕೆಂಪು ಕಾಡುಕೋಳಿ ರಾತ್ರಿ ಮರದ ಕೊಂಬೆಯ ಮೇಲೆ ಮಲಗುವ ಹಕ್ಕಿ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ರೂಢಿಯೂ ಅದೇ. ಸಾಕುಕೋಳಿಯ ಹಳದಿ ಚರ್ಮದ ಗುಣ ಈ ಬೂದು ಕಾಡುಕೋಳಿಯಿಂದಲೇ ಬಂದಿದೆ ಎಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಮನೆಯ ಹಿತ್ತಲಲ್ಲಿ ಕೆದಕುವ ಕೋಳಿಯಲ್ಲಿ ಘಟ್ಟದ ಕಾಡಿನ ಒಂದು ಪಾಲು ಇದೆ ಎಂಬುದು ನನಗೆ ಬಹಳ ಇಷ್ಟವಾದ ವಿಷಯ. ಹೀಗಾಗಿ ಎತ್ತರದಲ್ಲಿ ಕೂರುವುದು ಕೋಳಿಗೆ ಹುಟ್ಟುಗುಣ. ಕೋಳಿಗೊಂದಕ್ಕೆ ಎಂಟು ಅಂಗುಲ ಲೆಕ್ಕದಲ್ಲಿ ಅಡ್ಡ ಕೋಲು ಕೊಟ್ಟರೆ ಹಿಕ್ಕೆಯ ಮೇಲೆ ಮಲಗುವುದು ತಪ್ಪುತ್ತದೆ, ಕಾಲು ಮತ್ತು ಗರಿ ಸ್ವಚ್ಛವಾಗಿರುತ್ತವೆ. ಹೇನು, ಉಣ್ಣೆಗಳ ಕಾಟಕ್ಕೆ ಒಂದು ಮೂಲೆಯಲ್ಲಿ ಒಲೆಯ ಬೂದಿ ಮತ್ತು ಮರಳು ಬೆರೆಸಿ ಇಡಿ. ಕೋಳಿಗಳು ಅದರಲ್ಲಿ ಹೊರಳಿ ತಮ್ಮ ಮೈಯನ್ನು ತಾವೇ ನೋಡಿಕೊಳ್ಳುತ್ತವೆ.

ಮೊದಲ ಆರು ವಾರ

ಹೊಸಬರು ಒಂದು ದಿನದ ಮರಿ ತರಬೇಕೇ, ಬೆಳೆದ ಮರಿ ತರಬೇಕೇ? ಮೊದಲ ಸಲಕ್ಕೆ ಆರು ವಾರ ತುಂಬಿದ, ಲಸಿಕೆಯಾದ ಮರಿಗಳನ್ನೇ ತನ್ನಿ ಎನ್ನುತ್ತೇನೆ. ಬೆಲೆ ಹೆಚ್ಚು, ಆದರೆ ಅತ್ಯಂತ ಅಪಾಯದ ಕಾಲವನ್ನು ಬೇರೆಯವರು ದಾಟಿಸಿಕೊಟ್ಟಿರುತ್ತಾರೆ. ಬೀದಿಯಲ್ಲಿ ಬುಟ್ಟಿ ತುಂಬ ಹಸಿರು, ಗುಲಾಬಿ, ನೀಲಿ ಬಣ್ಣ ಬಳಿದು ಮಾರುವ ಮರಿಗಳನ್ನು ಮಾತ್ರ ಕೊಳ್ಳಬೇಡಿ. ಅವು ಸಾಮಾನ್ಯವಾಗಿ ಮೊಟ್ಟೆ ಕೋಳಿಯ ಮರಿ ತೆಗೆಯುವ ಹ್ಯಾಚರಿಗಳಲ್ಲಿ ಬೇಡವಾದ ಗಂಡು ಮರಿಗಳು. ಮೊಟ್ಟೆ ಇಡುವ ಪ್ರಶ್ನೆಯೇ ಇಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಕಾವಿಲ್ಲದೆ ಊರೂರು ಸುತ್ತಿ ಬಳಲಿದ ಆ ಜೀವಗಳಲ್ಲಿ ಹೆಚ್ಚಿನವು ಮಕ್ಕಳ ಕೈಯಲ್ಲೇ ಕೆಲವು ದಿನಗಳಲ್ಲಿ ಸಾಯುತ್ತವೆ.

ಒಂದು ದಿನದ ಮರಿಯನ್ನೇ ತರುವುದಾದರೆ ಅದಕ್ಕೆ ಬೇಕಾದ ಮೊದಲ ವಸ್ತು ಶಾಖ. ಮೊಟ್ಟೆಯೊಳಗಿನ ಹಳದಿಯ ಉಳಿದ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಮರಿ ಹೊರಬಂದಿರುತ್ತದೆ, ಆದ್ದರಿಂದ ಎರಡು ದಿನ ಆಹಾರವಿಲ್ಲದೆ ತಡೆಯಬಲ್ಲದು. ಮರಿಗಳನ್ನು ದೂರದ ಊರಿಗೆ ಡಬ್ಬದಲ್ಲಿ ಕಳುಹಿಸಲು ಸಾಧ್ಯವಾಗುವುದು ಇದರಿಂದಲೇ. ಚಳಿಯನ್ನು ಮಾತ್ರ ಅದು ತಡೆಯಲಾರದು, ತನ್ನ ಮೈಯ ಶಾಖವನ್ನು ಕಾಯ್ದುಕೊಳ್ಳುವ ಶಕ್ತಿ ಬರಲು ಮೂರು ನಾಲ್ಕು ವಾರ ಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಒಂದೂವರೆ ಅಡಿ ಎತ್ತರದ ತಗಡು ಅಥವಾ ರಟ್ಟನ್ನು ದುಂಡಗೆ ನಿಲ್ಲಿಸಿ, ಒಳಗೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಿ, ಮರಿಗೆ ಎರಡು ವ್ಯಾಟ್ ಲೆಕ್ಕದಲ್ಲಿ ಬಲ್ಬು ತೂಗುಹಾಕಿ. ಇಲ್ಲಿ ಹಳೆಯ ಕಾಲದ ತಂತಿಯ ಬಲ್ಬೇ ಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಕಾವು ಕೊಡುವುದಿಲ್ಲ. ದುಂಡಗಿನ ಕಟ್ಟೆಯೇ ಏಕೆ ಎಂದರೆ, ಮೂಲೆಗಳಿದ್ದರೆ ಬೆದರಿದ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ.

ಥರ್ಮಾಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡು ಕೀರಲು ದನಿಯಲ್ಲಿ ಕೂಗುತ್ತಿದ್ದರೆ ಚಳಿಯಾಗಿದೆ, ಬಲ್ಬನ್ನು ಕೆಳಗಿಳಿಸಿ. ಅಂಚಿಗೆ ಓಡಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆಯಾಗಿದೆ, ಮೇಲಕ್ಕೆತ್ತಿ. ಎಲ್ಲರೂ ಒಂದೇ ಬದಿಗೆ ಸರಿದಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಎಲ್ಲೆಡೆ ಹರಡಿಕೊಂಡು, ಕೆಲವು ತಿನ್ನುತ್ತಾ ಕೆಲವು ಮಲಗಿದ್ದರೆ ಸರಿಯಾಗಿದೆ. ರಾತ್ರಿ ಹತ್ತು ಗಂಟೆಗೆ ಒಮ್ಮೆ, ನಸುಕಿಗೆ ಒಮ್ಮೆ ಎದ್ದು ಈ ನೋಟ ನೋಡುವುದಕ್ಕೆ ಸಮನಾದ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಕರೆಂಟು ಹೋದರೆ ಮಣ್ಣಿನ ಮಡಕೆಯಲ್ಲಿ ಬೂದಿ ಮುಚ್ಚಿದ ಕೆಂಡವನ್ನು, ಮರಿ ಮುಟ್ಟದಂತೆ ಸುತ್ತ ಜಾಲರಿ ಕಟ್ಟಿ ಇಡಬಹುದು, ಆದರೆ ಕೋಣೆಯಲ್ಲಿ ಗಾಳಿ ಆಡುತ್ತಿರಲೇಬೇಕು. ಇದ್ದಿಲಿನ ಹೊಗೆ ಮರಿಗಳನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ.

ನೀರಿನ ಬಟ್ಟಲು ಆಳವಿರಬಾರದು, ಇದ್ದರೆ ಬೆಣಚುಕಲ್ಲು ಹಾಕಿ. ಮೊದಲ ದಿನದ ನೀರಿಗೆ ಚೂರು ಬೆಲ್ಲ ಕರಗಿಸುವುದು ಒಳ್ಳೆಯ ರೂಢಿ. ಆರು ವಾರಗಳಲ್ಲಿ ಒಂದು ಮರಿ ತಿನ್ನುವುದು ಒಟ್ಟು ಒಂದರಿಂದ ಒಂದೂವರೆ ಕೆಜಿ ಆಹಾರ. ಇಷ್ಟನ್ನು ಮಾತ್ರ ಚೀಲದ ಮರಿ ಆಹಾರವನ್ನೇ ಕೊಡಿ, ಅದರಲ್ಲಿ ಶೇಕಡ 20ರಷ್ಟು ಪ್ರೋಟೀನ್ ಇರುತ್ತದೆ. ಬರೀ ನುಚ್ಚಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಇಲ್ಲಿ ಉಳಿಸಿದ ಹಣ ಮುಂದೆ ಗೂನುಬಿದ್ದ, ಗರಿಯಿಲ್ಲದ ಕೋಳಿಯಾಗಿ ಎದುರು ನಿಲ್ಲುತ್ತದೆ. ಮೊಟ್ಟೆ ಕೋಳಿಯ ಆಹಾರವನ್ನು ಮರಿಗಳಿಗೆ ಹಾಕಬಾರದು, ಅದರಲ್ಲಿನ ಹೆಚ್ಚಿನ ಸುಣ್ಣದಂಶ ಎಳೆಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಕಮಟು ವಾಸನೆಯ, ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನಾಗಲಿ ಜೋಳವನ್ನಾಗಲಿ ಯಾವ ವಯಸ್ಸಿನ ಕೋಳಿಗೂ ಕೊಡಬೇಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಅಲ್ಲಿಂದಲೇ ಬರುತ್ತದೆ.

ಕೊಕ್ಕರೆ ರೋಗ ಮತ್ತು ಬೇಲಿಯಾಚೆಯ ಕೋಳಿ

ರಾಣಿಖೇತ್ ಎಂದು ಪುಸ್ತಕದಲ್ಲಿ ಬರೆಯುವ, ಊರಿನಲ್ಲಿ ಕೊಕ್ಕರೆ ರೋಗ ಎನ್ನುವ ಕಾಯಿಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಹಿತ್ತಲುಗಳನ್ನು ಒಂದೇ ವಾರದಲ್ಲಿ ಬರಿದು ಮಾಡುವುದು ಇದೇ. ಬಿಳಿ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಜೋಲುವ ರೆಕ್ಕೆ, ಕೆಲವದರಲ್ಲಿ ತಿರುಚಿದ ಕುತ್ತಿಗೆ, ಇವು ಲಕ್ಷಣ. ವೈರಸ್ಸಿನ ರೋಗವಾದ್ದರಿಂದ ಬಂದ ಮೇಲೆ ಔಷಧಿಯಿಲ್ಲ. ಬರದಂತೆ ತಡೆಯುವ ಲಸಿಕೆ ಮಾತ್ರ ಇದೆ, ಮತ್ತು ಅದು ಅಗ್ಗ.

ಕ್ರಮ ಹೀಗೆ. ನರ ಕೆಡಿಸಿ ಕಾಲು ಬೀಳಿಸುವ ಮಾರೆಕ್ಸ್ ರೋಗದ ಚುಚ್ಚುಮದ್ದನ್ನು ಒಂದನೆಯ ದಿನವೇ ಹ್ಯಾಚರಿಯಲ್ಲಿ ಹಾಕಿರಬೇಕು, ಕೊಳ್ಳುವಾಗ ಕೇಳಿ ತಿಳಿದುಕೊಳ್ಳಿ. ಐದರಿಂದ ಏಳನೆಯ ದಿನದೊಳಗೆ ಲಸೋಟ ಅಥವಾ ಎಫ್ ತಳಿಯ ಕೊಕ್ಕರೆ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಹದಿನಾಲ್ಕನೆಯ ದಿನದ ಸುಮಾರಿಗೆ, ಮರಿಗಳ ರೋಗನಿರೋಧಕ ಶಕ್ತಿ ಕುಂದಿಸುವ ಗಂಬೋರೋ ರೋಗದ ಲಸಿಕೆ. ನಾಲ್ಕನೆಯ ವಾರದ ಹೊತ್ತಿಗೆ ಲಸೋಟ ಇನ್ನೊಮ್ಮೆ. ಆರು ಏಳು ವಾರಕ್ಕೆ ಸಿಡುಬಿನ ಲಸಿಕೆ. ಎಂಟು ವಾರ ತುಂಬಿದ ಮೇಲೆ ಆರ್‌2ಬಿ ಎಂಬ ಕೊಕ್ಕರೆ ರೋಗದ ಚುಚ್ಚುಮದ್ದು. ಇದು ಸ್ವಲ್ಪ ಬಲವಾದ ಲಸಿಕೆ, ಎಳೆಯ ಮರಿಗಳಿಗೆ ಹಾಕಿದರೆ ಅದೇ ಕಾಯಿಲೆ ತರುತ್ತದೆ, ಆದ್ದರಿಂದ ಅವಸರ ಮಾಡಬಾರದು. ನಿಮ್ಮ ಭಾಗದ ಪಶುವೈದ್ಯರು ದಿನಗಳಲ್ಲಿ ಚಿಕ್ಕಪುಟ್ಟ ಬದಲಾವಣೆ ಹೇಳಬಹುದು, ಅವರ ಮಾತನ್ನೇ ಅನುಸರಿಸಿ.

ಲಸಿಕೆ ಹಾಕಿಸಿದರೂ ರೋಗ ಬಂತು ಎಂಬ ದೂರಿನ ಹಿಂದೆ ಹೆಚ್ಚಾಗಿ ಬಿಸಿಲಿನ ಕಥೆ ಇರುತ್ತದೆ. ಲಸಿಕೆಯಲ್ಲಿರುವುದು ಜೀವಂತ ವೈರಸ್. ಎರಡರಿಂದ ಎಂಟು ಡಿಗ್ರಿಯೊಳಗೆ ಅದು ಬದುಕಿರುತ್ತದೆ. ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರೆ ಮನೆ ತಲುಪುವಷ್ಟರಲ್ಲಿ ಸತ್ತಿರುತ್ತದೆ. ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ತನ್ನಿ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಕುಡಿಯುವ ನೀರಿನಲ್ಲಿ ಕೊಡುವ ಲಸಿಕೆಯಾದರೆ ಕ್ಲೋರಿನ್ ಇರುವ ನಲ್ಲಿ ನೀರು ಬೇಡ, ಬಾವಿಯ ನೀರಿಗೆ ಲೀಟರಿಗೆ ಐದು ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ.

ಸಣ್ಣ ಸಾಕಣೆದಾರರಿಗೆ ಇಲ್ಲಿ ಒಂದು ನಿಜವಾದ ತೊಡಕಿದೆ. ಲಸಿಕೆಯ ಸೀಸೆ ನೂರು ಡೋಸಿಗೆ ಕಡಿಮೆ ಸಿಗುವುದು ಅಪರೂಪ. ಹನ್ನೆರಡು ಕೋಳಿ ಇರುವವರು ಸೀಸೆ ಒಡೆದರೆ ಉಳಿದದ್ದು ವ್ಯರ್ಥ, ಆದ್ದರಿಂದ ಹಾಕಿಸುವುದೇ ಇಲ್ಲ. ಇದಕ್ಕೆ ಪರಿಹಾರ ಅಂಗಡಿಯಲ್ಲಿಲ್ಲ, ಬೀದಿಯಲ್ಲಿದೆ. ಎಂಟು ಹತ್ತು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಂಡು, ಕೋಳಿಗಳು ಇನ್ನೂ ಗೂಡಿನಲ್ಲಿರುವ ನಸುಕಿನಲ್ಲಿ ಒಂದು ಸೀಸೆಯಿಂದ ಎಲ್ಲರ ಕೋಳಿಗೂ ಹಾಕಿಸಿಬಿಡಬೇಕು. ದುಡ್ಡು ಉಳಿಯುವುದಕ್ಕಿಂತ ದೊಡ್ಡ ಲಾಭವೂ ಇದರಲ್ಲಿದೆ. ಪಕ್ಕದ ಮನೆಯ ಕೋಳಿ ನಿಮ್ಮ ತಿಪ್ಪೆಯಲ್ಲೇ ಮೇಯುತ್ತದೆ, ಅದಕ್ಕೆ ರೋಗ ಬಂದರೆ ನಿಮ್ಮದರ ಪಾಲಿಗೂ ಕುತ್ತು ಕಾದಿರುತ್ತದೆ. ಸ್ತ್ರೀಶಕ್ತಿ ಸಂಘಗಳಿರುವ ಊರುಗಳಲ್ಲಿ ಈ ಕೆಲಸವನ್ನು ಸಂಘದ ಮೂಲಕ ಮಾಡುವುದು ಸುಲಭ. ಪಶು ಆಸ್ಪತ್ರೆಗೆ ಒಬ್ಬೊಬ್ಬರೇ ಹೋಗಿ ಕೇಳುವುದಕ್ಕಿಂತ ಊರಿನ ಪರವಾಗಿ ಕೇಳಿದರೆ ವೈದ್ಯರೂ ಬರುತ್ತಾರೆ. ತುರ್ತಿಗೆ 1962 ಸಂಖ್ಯೆಗೆ ಕರೆ ಮಾಡಬಹುದು.

ರೋಗ ಬರುವ ದಾರಿಗಳನ್ನು ಮುಚ್ಚುವುದು ಲಸಿಕೆಯಷ್ಟೇ ಮುಖ್ಯ. ಸಂತೆಗೆ ಒಯ್ದು ಮಾರಾಟವಾಗದ ಕೋಳಿಯನ್ನು ಮನೆಗೆ ತಂದು ಗುಂಪಿಗೆ ಬಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಹೊಸ ಕೋಳಿಯಾಗಲಿ, ಮರಳಿ ಬಂದ ಕೋಳಿಯಾಗಲಿ, ಎರಡು ಮೂರು ವಾರ ಬೇರೆಡೆ ಇಟ್ಟು ನೋಡಿ ಆಮೇಲೆ ಸೇರಿಸಿ. ಸತ್ತ ಕೋಳಿಯನ್ನು ಕಾಲುವೆಗೆ ಎಸೆಯಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಒಂದೇ ಸಲ ಹಲವು ಕೋಳಿಗಳು ಕಾರಣವಿಲ್ಲದೆ ಸತ್ತರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ಬಹಳ ಜನರಿಗೆ ನೆನಪಿರಬಹುದು. ಹಕ್ಕಿಜ್ವರ ದೃಢಪಟ್ಟರೆ ಸುತ್ತಲಿನ ಒಂದು ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನೆಲ್ಲ ಕೊಲ್ಲುವುದು ನಿಯಮ. ತಿಳಿಸುವುದು ತಡವಾದಷ್ಟೂ ಅಂಥ ವೃತ್ತಗಳ ಸಂಖ್ಯೆ ಹೆಚ್ಚುತ್ತದೆ.

ಈಗ ತಳಿಯ ಮಾತು

ಗಿರಿರಾಜವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದರು. ಬಣ್ಣದ ಗರಿ, ದೊಡ್ಡ ಮೈ, ಮೊಟ್ಟೆಗೂ ಮಾಂಸಕ್ಕೂ ಆಗುವ ಕೋಳಿ. ಅಲ್ಲಿಂದಲೇ 2005ರಲ್ಲಿ ಬಂದ ಸ್ವರ್ಣಧಾರ ಮೈಯಲ್ಲಿ ತುಸು ಹಗುರ, ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ, ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿ ಕೂಡ ಇದೇ ಉದ್ದೇಶದವು. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಭಾಗದ ಕಪ್ಪು ಮಾಂಸದ ತಳಿ. ಕೊಳ್ಳುವವರು ಮೊದಲೇ ಗೊತ್ತಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ, ಹಳ್ಳಿಯ ಸಂತೆಯಲ್ಲಿ ಅದರ ವಿಶೇಷಕ್ಕೆ ಬೆಲೆ ಕಟ್ಟುವವರು ಕಡಿಮೆ.

ಸುಧಾರಿತ ತಳಿಗಳ ಬಗ್ಗೆ ಮಾರುವವರು ಹೇಳದ ಎರಡು ವಿಷಯಗಳಿವೆ. ಅವು ಕಾವಿಗೆ ಕೂರುವುದಿಲ್ಲ, ಆ ಗುಣವನ್ನು ಕಡಿಮೆ ಮಾಡಿಯೇ ಮೊಟ್ಟೆಯನ್ನು ಹೆಚ್ಚಿಸಿರುತ್ತಾರೆ. ಅಲ್ಲದೆ ಅವು ಮಿಶ್ರತಳಿಗಳು. ಅವುಗಳ ಮೊಟ್ಟೆಯಿಂದ ನೀವೇ ಮರಿ ಮಾಡಿದರೆ ಮುಂದಿನ ಪೀಳಿಗೆಯಲ್ಲಿ ಅದೇ ತೂಕ, ಅದೇ ಮೊಟ್ಟೆ ನಿಲ್ಲುವುದಿಲ್ಲ. ಪ್ರತಿ ಸಲ ಮರಿ ಕೊಂಡೇ ತರಬೇಕು. ನಾಟಿ ಹೇಂಟೆ ಕಡಿಮೆ ಮೊಟ್ಟೆ ಇಟ್ಟರೂ ಕಾವು ಕೂರುತ್ತದೆ, ಹದ್ದಿನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ, ನಾಯಿ ಬಂದರೆ ಮಾಳಿಗೆಗೆ ಹಾರುತ್ತದೆ. ಮೂರು ನಾಲ್ಕು ಕೆಜಿ ತೂಗುವ ಗಿರಿರಾಜ ಹಾರಲಾರದು. ಬೇಲಿ ಗಟ್ಟಿ ಇರುವಲ್ಲಿ ಅದು ಲಾಭ, ಕಾಡಂಚಿನ ತೆರೆದ ಹಿತ್ತಲಿನಲ್ಲಿ ಕಾಡುಬೆಕ್ಕಿಗೆ ಸುಲಭದ ತುತ್ತು. ನನ್ನ ಆಯ್ಕೆ ಎರಡನ್ನೂ ಬೆರೆಸುವುದು. ಹತ್ತು ಸ್ವರ್ಣಧಾರವನ್ನೋ ಗ್ರಾಮಪ್ರಿಯವನ್ನೋ ಮೊಟ್ಟೆಗೆ ಇಟ್ಟುಕೊಂಡು, ಜೊತೆಗೆ ಊರಿನದೇ ಮೂರು ಒಳ್ಳೆಯ ತಾಯಿ ಹೇಂಟೆಗಳು. ಪೇಟೆಯಿಂದ ತಂದ ಒಂದು ದಿನದ ಮರಿಗಳನ್ನೂ, ತನ್ನ ಮರಿಗಳು ಆಗತಾನೇ ಹೊರಬಂದ ನಾಟಿ ಹೇಂಟೆಯ ಅಡಿಗೆ ಕತ್ತಲಲ್ಲಿ ಸದ್ದಿಲ್ಲದೆ ಸೇರಿಸಿದರೆ, ಬೆಳಿಗ್ಗೆ ಬಹುಪಾಲು ತಾಯಂದಿರು ಎಲ್ಲವನ್ನೂ ತಮ್ಮದೆಂದೇ ನಡೆಸಿಕೊಂಡು ಹೋಗುತ್ತವೆ.

ಲಿಂಗ ಬೇರ್ಪಡಿಸದ ಮರಿ ತಂದರೆ ಅರ್ಧ ಹುಂಜಗಳೇ ಬರುತ್ತವೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಉಳಿದವನ್ನು ನಾಲ್ಕೈದು ತಿಂಗಳಿಗೆ ಮಾರಬೇಕು. ಬರೀ ಮೊಟ್ಟೆ ಬೇಕಿದ್ದರೆ ಹುಂಜವೇ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆ ಮೊಟ್ಟೆ ಮರಿಯಾಗುವುದಿಲ್ಲ ಅಷ್ಟೇ.

ಮೊಟ್ಟೆ ಬರತೊಡಗಿದ ಮೇಲೆ

ಸುಧಾರಿತ ತಳಿ ಐದೂವರೆ ಆರು ತಿಂಗಳಿಗೆ, ನಾಟಿ ಕೋಳಿ ಆರೇಳು ತಿಂಗಳಿಗೆ ಮೊಟ್ಟೆ ಶುರು ಮಾಡುತ್ತದೆ. ನಿನ್ನೆ ಬೆಳಿಗ್ಗೆ ಎಂಟಕ್ಕೆ ಇಟ್ಟ ಕೋಳಿ ಇಂದು ಒಂಬತ್ತೂವರೆಗೆ ಇಟ್ಟಿತು, ನಾಳೆ ಇನ್ನೂ ತಡ, ಒಂದು ದಿನ ಇಡಲೇ ಇಲ್ಲ ಎಂದು ಹೊಸಬರು ಗಾಬರಿಯಾಗುತ್ತಾರೆ. ಒಂದು ಮೊಟ್ಟೆ ಸಿದ್ಧವಾಗಲು 25ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಹೀಗಾಗಿ ದಿನದಿನಕ್ಕೆ ಹೊತ್ತು ಮುಂದಕ್ಕೆ ಜಾರುತ್ತದೆ. ಸಂಜೆಗೆ ಬಂದು ಮುಟ್ಟಿದಾಗ ಕೋಳಿ ಒಂದು ದಿನ ಬಿಡುವು ತೆಗೆದುಕೊಂಡು ಮತ್ತೆ ಬೆಳಗಿನಿಂದ ಆರಂಭಿಸುತ್ತದೆ.

ಒಂದು ಚಿಪ್ಪಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಚಿಪ್ಪಿನ ಹೆಚ್ಚಿನ ಭಾಗ ಕಟ್ಟುವುದು ಕೋಳಿ ನಿದ್ದೆಯಲ್ಲಿರುವ ರಾತ್ರಿಯಲ್ಲಿ. ಆದ್ದರಿಂದ ಕಪ್ಪೆಚಿಪ್ಪಿನ ಪುಡಿಯನ್ನೋ, ಕಾಯಿಸಿ ಪುಡಿ ಮಾಡಿದ ಮೊಟ್ಟೆಯ ಚಿಪ್ಪನ್ನೋ ಬೇರೆ ಬಟ್ಟಲಿನಲ್ಲಿ ಸಂಜೆ ಇಡುವುದು ಸರಿ. ಎಷ್ಟು ಬೇಕೋ ಅಷ್ಟನ್ನು ಕೋಳಿಯೇ ಆರಿಸಿಕೊಳ್ಳುತ್ತದೆ. ಹಸಿರಿಗೆ ನುಗ್ಗೆ ಸೊಪ್ಪು, ಹೊನಗೊನ್ನೆ, ತೊಟ್ಟಿಯಲ್ಲಿ ಬೆಳೆಸಿದ ಅಜೋಲ ಕೊಡಬಹುದು. ಹಳದಿ ಭಾಗ ಕೇಸರಿ ಬಣ್ಣಕ್ಕೆ ತಿರುಗುವುದು ಈ ಹಸಿರಿನಿಂದಲೇ. ಚಿಪ್ಪಿನ ಕಂದು ಬಣ್ಣ ತಳಿಗೆ ಸೇರಿದ್ದು, ಅದಕ್ಕೂ ಪೌಷ್ಟಿಕತೆಗೂ ಸಂಬಂಧವಿಲ್ಲ. ಬಿಳಿ ಮೊಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ನಾಟಿ ಎಂದು ಮಾರುವವರಿಗೆ ಸೋಲಬೇಡಿ. ನೀವು ಮಾರುವ ಮೊಟ್ಟೆಯನ್ನು ನೀರಿನಲ್ಲಿ ತೊಳೆಯಲೂ ಬೇಡಿ. ಚಿಪ್ಪಿನ ಮೇಲಿನ ತೆಳು ಪೊರೆ ಹೋದರೆ ಸೂಕ್ಷ್ಮಜೀವಿಗಳು ರಂಧ್ರಗಳ ಮೂಲಕ ಒಳಗಿಳಿಯುತ್ತವೆ. ನಾಲ್ಕೈದು ಹೇಂಟೆಗೆ ಒಂದರಂತೆ, ಒಂದು ಅಡಿ ಅಗಲದ, ಒಣಹುಲ್ಲು ಹಾಸಿದ, ಮಬ್ಬುಗತ್ತಲೆಯ ಪೆಟ್ಟಿಗೆ ಇಟ್ಟರೆ ಮೊಟ್ಟೆ ಕೊಳೆಯಾಗುವುದೇ ಇಲ್ಲ.

ಬೇಸಿಗೆಯಲ್ಲಿ ಮೊಟ್ಟೆ ಕಡಿಮೆಯಾಗುವುದು ಸಹಜ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೇ ಅದು ಮೈ ತಂಪು ಮಾಡಿಕೊಳ್ಳುವ ದಾರಿ. ನೆರಳಿನಲ್ಲಿ ಮಣ್ಣಿನ ಪಾತ್ರೆಗಳಲ್ಲಿ ನೀರಿಟ್ಟು ದಿನಕ್ಕೆ ಮೂರು ಸಲ ಬದಲಿಸಿ. ಜೀರ್ಣವಾಗುವಾಗಲೂ ಮೈ ಬಿಸಿಯಾಗುವುದರಿಂದ ನಡು ಮಧ್ಯಾಹ್ನ ಕಾಳು ಹಾಕಬೇಡಿ.

ಮಾರಾಟದ ಕಾಲವನ್ನು ಹಿಂದಿನಿಂದ ಎಣಿಸಿಕೊಂಡು ಬರಬೇಕು. ಹಳೆ ಮೈಸೂರು ಭಾಗದಲ್ಲಿ ನಾಟಿ ಹುಂಜಕ್ಕೆ ಹೆಚ್ಚು ಬೇಡಿಕೆ ಬರುವುದು ಯುಗಾದಿಯ ಮರುದಿನದ ವರ್ಷತೊಡಕಿಗೆ, ಆಮೇಲೆ ಊರೂರಿನ ಮಾರಿಹಬ್ಬಗಳಿಗೆ. ಆ ಹೊತ್ತಿಗೆ ಹುಂಜ ತೂಗುವಂತಾಗಲು ನಾಟಿಗೆ ಆರು ತಿಂಗಳು, ಗಿರಿರಾಜಕ್ಕೆ ನಾಲ್ಕು ತಿಂಗಳು ಬೇಕು. ಹಾಗಾಗಿ ನಾಟಿ ಹೇಂಟೆಯನ್ನು ಆಗಸ್ಟ್ ಕೊನೆಗೆ ಕಾವಿಗೆ ಕೂರಿಸಬೇಕು, ಗಿರಿರಾಜ ಮರಿಯನ್ನು ನವೆಂಬರಿನಲ್ಲಿ ತರಬೇಕು. ಮಳೆ ಕಡಿಮೆಯಾಗುತ್ತಾ ಬಂದ ಸೆಪ್ಟೆಂಬರಿನ ನಾಟಿ ಮರಿಗಳಿಗೆ ಹುಳು ಸಿಗುತ್ತದೆ, ಡಿಸೆಂಬರ್ ಹೊತ್ತಿಗೆ ರಾಗಿ ಕಣ ಸಿಗುತ್ತದೆ, ಬೇಸಿಗೆಯ ಕೊಕ್ಕರೆ ರೋಗದ ಕಾಲ ಬರುವ ಮೊದಲೇ ಆರ್‌2ಬಿ ಮುಗಿದಿರುತ್ತದೆ. ನವೆಂಬರಿನ ಮರಿಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಬಲ್ಬಿನ ಕಾವು ಒಂದೆರಡು ವಾರ ಹೆಚ್ಚು ಬೇಕಾಗುತ್ತದೆ, ಆ ಕರೆಂಟಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.